ಐತಪ್ಪ ಮಾಸ್ಟ್ರು ಮತ್ತು ನಮ್ಮ ಮನೆಯ ಒಗೆಯುವ ಕಲ್ಲು

ಅಮ್ಮ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾವಿಕಟ್ಟೆಗೆ ಬರುವಾಗ ಐತಪ್ಪ ಮಾಸ್ಟ್ರು ನಮ್ಮ ಒಗೆಯುವ ಕಲ್ಲಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದ್ದರು. ಕಲ್ಲಿಗೆ ಒದ್ದೆ ಕಾಗದ ಅಂಟಿಸಿ, ಅದನ್ನು ಬ್ರಶ್ಶಿನಿಂದ ಮೆಲ್ಲ ಮೆಲ್ಲ ತಟ್ಟುತ್ತಿದ್ದರು, ಮಗುವಿನ ಬೆನ್ನು ತಟ್ಟಿದ ಹಾಗೆ. ಒಂದು ಕೆನ್ನೆಗೆ ಶಾಯಿ ಮೆತ್ತಿತ್ತು. ಅಮ್ಮ ನನ್ನ ಮುಖ ನೋಡಿದಳು. ನಾನು ಬಾವಿಯ ಒಳಗೆ ನೋಡಿದೆ.

“ಅರ್ಧ ಗಂಟೆ ಕೊಡಿ ಕಮಲಕ್ಕ,” ಎಂದರು ಮಾಸ್ಟ್ರು, ತಲೆ ಎತ್ತದೆ. “ಎಷ್ಟೋ ನೂರು ವರ್ಷ ಕಾದ ಕಲ್ಲು ಇದು.”

“ಕಲ್ಲು ಕಾದೀತು ಮಾಸ್ಟ್ರೇ. ಬಿಸಿಲು ಕಾಯುದಿಲ್ಲ. ಇವನ ಅಂಗಿ ಒಣಗ್ಬೇಕಲ್ಲ,” ಎಂದಳು ಅಮ್ಮ. ಹೇಳಿದ್ದು ತುಳುವಿನಲ್ಲಿ. ನಾನು ಬರೆಯುವುದು ಕನ್ನಡದಲ್ಲಿ, ಅಷ್ಟೇ ವ್ಯತ್ಯಾಸ.

ನಾನು ಮುರಕಲ್ಲು ಕಡಿಯುವವನು. ಗುಡ್ಡದ ಕೆಂಪು ಕಲ್ಲನ್ನು ಪಿಕ್ಕಾಸಿನಿಂದ ಕಡಿದು, ಗೋಡೆಗೆ ಕೂರುವ ಹಾಗೆ ಚೌಕ ಮಾಡಿ ಕೊಡುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟೆ. ಶಾಲೆಯೂ ನನ್ನನ್ನು ಸಂತೋಷದಿಂದಲೇ ಬಿಟ್ಟಿತು. ಹಾಗಾಗಿ ನನಗೆ ಚೆಂದ ಮಾಡಿ ಬರೆಯಲಿಕ್ಕೆ ಬರುವುದಿಲ್ಲ. ಆದರೆ ಮಾಸ್ಟ್ರು ತೀರಿಹೋದ ಮೇಲೆ ಪುತ್ತೂರಿನ ದರ್ಬೆಯಲ್ಲಿ ಅವರ ನೆನಪಿಗೆ ಒಂದು ಸಭೆ ಮಾಡಿದರು. ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಒಬ್ಬರು ಅವರನ್ನು ಸಾಗರ ಎಂದರು, ಮತ್ತೊಬ್ಬರು ಪರ್ವತ ಎಂದರು. ಸಾಗರ, ಪರ್ವತ ಎಲ್ಲ ಮುಗಿಯುವಾಗ ಚಹಾ ತಣಿದುಹೋಗಿತ್ತು. ಮಾಸ್ಟ್ರು ಸಾಗರ ಅಲ್ಲ, ಪರ್ವತವೂ ಅಲ್ಲ. ಸಪುರ ಮನುಷ್ಯ. ಒಂದು ಕೊಡೆ, ಒಂದು ಬಟ್ಟೆಯ ಚೀಲ, ಒಂದು ಕಣ್ಣಿಗೆ ಪೊರೆ. ಪುತ್ತೂರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ನಡೆಯಲು ಹೊರಟವರು. ಈಶ್ವರಮಂಗಲಕ್ಕೆ ನಡೆದರು, ಸುಳ್ಯಕ್ಕೆ ನಡೆದರು, ಕಡಬಕ್ಕೆ ನಡೆದರು. ಬಸ್ಸು ಇರುವಲ್ಲಿಗೂ ನಡೆದರು. ಬಸ್ಸಿನಲ್ಲಿ ಹೋದರೆ ದಾರಿಯ ಕಲ್ಲುಗಳು ಮಾತಾಡುವುದಿಲ್ಲವಂತೆ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿದ್ದ ಕಾಲ ಅದು. ಊರಿನ ಚರಿತ್ರೆ ಬರೆಯುತ್ತೇನೆ ಎನ್ನುವವರು ಆಗ ಬೇರೆಯೂ ಇದ್ದರು. ಅವರೆಲ್ಲ ಬಂದ ಕೂಡಲೇ ರಾಜ ಯಾರು, ಯುದ್ಧ ಎಲ್ಲಿ ಎಂದು ಕೇಳುತ್ತಿದ್ದರು. ನಮಗೆ ಎಂತ ಗೊತ್ತು? ರಾಜ ನಮ್ಮಲ್ಲಿಗೆ ಬಂದಿದ್ದರೂ ನಾವು ಗದ್ದೆಯಲ್ಲಿ ಇದ್ದಿರಬೇಕು. ಮಾಸ್ಟ್ರು ಹಾಗೆ ಕೇಳುವವರಲ್ಲ. ಅಂಗಳದಲ್ಲಿ ಕುಳಿತು, ಕೊಟ್ಟ ಬೆಲ್ಲದ ತುಂಡು ಕಚ್ಚಿ ನೀರು ಕುಡಿದು, “ನಿಮ್ಮ ಅಜ್ಜಿ ನೀರಿಗೆ ಯಾವ ಕಡೆ ಹೋಗ್ತಿದ್ರು?” ಎಂದು ಕೇಳುತ್ತಿದ್ದರು. ಇದು ಯಾವ ಮುದುಕನಿಗೂ ಗೊತ್ತಿರುವ ಸಂಗತಿ. ಮುದುಕ ಶುರು ಮಾಡಿದರೆ ನೀರಿನ ದಾರಿಯಿಂದ ಹಳೆಯ ಕೆರೆ, ಕೆರೆಯಿಂದ ಹಳೆಯ ಮನೆ, ಮನೆಯಿಂದ ಹಳೆಯ ಜಗಳ, ಎಲ್ಲ ಹೊರಗೆ ಬರುತ್ತಿತ್ತು. ಮಾಸ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಎಷ್ಟೋ ಜನ ಅವರು ನಿದ್ದೆ ಹೋದರು ಎಂದುಕೊಂಡು ಬಾಯಿಬಿಟ್ಟು ಸತ್ಯವನ್ನೇ ಹೇಳಿದ್ದಾರೆ. ನೆಲ್ಯಾಡಿಯಲ್ಲಿ ಕೇರಳದಿಂದ ಬಂದು ರಬ್ಬರು ಹಾಕಿದ ಒಬ್ಬರು ಮಾತ್ರ ತಿರುಗಿ ಇವರನ್ನೇ ಕೇಳಿದರಂತೆ, ನಾನು ಕೊಂಡುಕೊಂಡ ಗುಡ್ಡದ ಹಳೆಯ ಹೆಸರು ಎಂತ ಎಂದು. ಇವರು ಹೇಳಿದರು. ಅವರು ಒಂದು ಗೋಣಿ ಮರಗೆಣಸು ಕೊಟ್ಟರು. ಆ ಗೋಣಿಯನ್ನು ಹೊತ್ತುಕೊಂಡು ಬರುವ ಗಡಿಬಿಡಿಯಲ್ಲಿ ಕೊಡೆ ಅಲ್ಲೇ ಉಳಿಯಿತು. ಮಾಸ್ಟ್ರ ಕೊಡೆ ಇಲ್ಲದ ಊರು ಮೂರು ತಾಲೂಕಿನಲ್ಲಿ ಕಡಿಮೆ.

ಅವರಿಗೆ ಒಂದು ಹಟ ಇತ್ತು. ಹಿಂದಿನ ಕಾಲದಲ್ಲಿ ಕಡಲಿನ ಕಡೆಯಿಂದ ಉಪ್ಪು, ಒಣಮೀನು ಹೊತ್ತ ಎತ್ತುಗಳು ಸಾಲಾಗಿ ನಮ್ಮ ಗುಡ್ಡ ಹತ್ತಿ, ಸುಳ್ಯ ದಾಟಿ ಘಟ್ಟಕ್ಕೆ ಹೋಗುತ್ತಿದ್ದವು, ಆ ದೊಡ್ಡ ದಾರಿ ನಮ್ಮ ಬಾವಿಯ ಬುಡದಲ್ಲೇ ಇತ್ತು ಎಂದು. ಒಂದು ಸಭೆಯಲ್ಲಿ ಇದನ್ನು ಹೇಳಿದಾಗ ದೊಡ್ಡ ದೊಡ್ಡ ಓದಿದವರು ನಕ್ಕು, ಆಧಾರ ತನ್ನಿ ಎಂದರಂತೆ. ಆ ನಗು ಅವರೊಳಗೆ ಮುಳ್ಳಿನ ಹಾಗೆ ಉಳಿದಿತ್ತು. ಹದಿನೆಂಟು ವರ್ಷ ಆಧಾರ ಹುಡುಕಿದರು. ಅದು ನಮ್ಮ ಬಾವಿಕಟ್ಟೆಯಲ್ಲಿ ಸೋಪಿನ ನೊರೆಯ ಅಡಿಯಲ್ಲಿ ಇತ್ತು.

ಕಲ್ಲಿನ ಮೇಲೆ ಹಳೆಯ ಕಾಲದ ಬರಹ ಕೆತ್ತಿತ್ತು, ಜಾಗದ ಲೆಕ್ಕದಲ್ಲಿ ಒಟ್ಟು ಒಂಬತ್ತು ಸಾಲು. ಮೇಲಿನ ಆರು ಸಾಲು ಆ ದಿನವೇ ಕಾಗದಕ್ಕೆ ಬಂದವು. ದಾರಿಹೋಕರಿಗೂ ಎತ್ತುಗಳಿಗೂ ಇಲ್ಲಿ ನೆರಳು, ನೀರು ಇಡಿಸಿದವಳು ಒಬ್ಬ ಹೆಂಗಸು ಎಂದು ಅದರಲ್ಲಿ ಇತ್ತಂತೆ. ಅವಳ ಹೆಸರು, ಆ ದಾರಿ ಎಲ್ಲಿಂದ ಎಲ್ಲಿಗೆ ಎಂಬುದು, ಎಲ್ಲ ಕೆಳಗಿನ ಮೂರು ಸಾಲಿನಲ್ಲಿ ಇರಲೇಬೇಕಂತೆ. ಆ ಮೂರು ಸಾಲು ಇರಬೇಕಾದಲ್ಲಿ ಕಾಗದದಲ್ಲಿ ಬರೀ ಕಪ್ಪು ಕಲೆ.

“ತೊಂದರೆ ಇಲ್ಲ,” ಎಂದರು ಮಾಸ್ಟ್ರು. “ಕಲ್ಲನ್ನು ಮನೆಗೆ ಕೊಂಡುಹೋಗಿ, ಓರೆ ಬಿಸಿಲಿಗಿಟ್ಟು, ಬೆರಳಾಡಿಸಿ ಓದಿದ್ರೆ ಸಿಕ್ತದೆ. ಅಕ್ಷರ ಅಷ್ಟು ಸುಲಭದಲ್ಲಿ ಸಾಯುದಿಲ್ಲ ಬಾಬು.”

ಆ ಕಲ್ಲಿನ ಕೆಳಗಿನ ತುದಿ ನನ್ನದು. ಹದಿನಾಲ್ಕನೇ ವಯಸ್ಸಿನಿಂದ ದಿನಾ ಬೆಳಿಗ್ಗೆ ನಾನು ಪಿಕ್ಕಾಸು, ಕತ್ತಿ ಎಲ್ಲ ಮಸೆಯುವುದು ಅಲ್ಲಿಯೇ. ನೀರು ಹತ್ತಿರ, ಮಸೆಯಲು ಹಾಕುವ ಹೊಯಿಗೆ ಹತ್ತಿರ, ಒಳ್ಳೆಯ ಗಟ್ಟಿ ಕಲ್ಲು. ಅಲ್ಲಿ ದೋಣಿಯ ಹಾಗೆ ತಗ್ಗು ಬಿದ್ದಿತ್ತು. ಆಗಲೇ ಹೇಳಬಹುದಿತ್ತು. ಮಾಸ್ಟ್ರ ಮುಖ ನೋಡಿದೆ. ಹೊಸ ಮದುಮಗನ ಹಾಗೆ ಇತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ಗಡಿಬಿಡಿಯಲ್ಲಿ ಅಲ್ಲಿಯೇ ಮತ್ತೊಮ್ಮೆ ಮಸೆದೆ. ಅಭ್ಯಾಸ.

ಕಲ್ಲು ಕೊಡಲು ಅಮ್ಮ ಒಪ್ಪಲಿಲ್ಲ. ಅದು ಅವಳ ಅತ್ತೆಯ ಅತ್ತೆಯ ಕಾಲದ ಕಲ್ಲು. ಅದರ ಮೇಲೆ ಒಗೆದರೆ ಮಾತ್ರ ನನ್ನ ಅಂಗಿಯ ಕೆಂಪು ಮಣ್ಣು ಬಿಡುತ್ತದೆ, ಬೇರೆ ಕಲ್ಲಿನಲ್ಲಿ ಬಡಿದರೆ ಅಂಗಿ ಹೋಗುತ್ತದೆ, ಮಣ್ಣು ಉಳಿಯುತ್ತದೆ ಎಂದಳು. ಅಷ್ಟೇ ಒಳ್ಳೆಯದು ಇನ್ನೊಂದು ಮಾಡಿ ಕೊಡು, ಮತ್ತೆ ಇದನ್ನು ಎಲ್ಲಿಗಾದರೂ ಕೊಂಡುಹೋಗಿ ಎಂದು ತೀರ್ಪು ಕೊಟ್ಟಳು.

ಕಲ್ಲು ಕಡಿಯುವವನಿಗೆ ಇದು ಎಂತ ದೊಡ್ಡ ಕೆಲಸ ಎಂದುಕೊಂಡೆ. ಮೊದಲು ಮುರಕಲ್ಲಿನದ್ದು ಮಾಡಿದೆ. ಬಿಳಿ ಬಟ್ಟೆ ಎಲ್ಲ ಕೆಂಪಾಗಿ, ಮನೆಯಲ್ಲಿ ಎಲ್ಲರೂ ಸನ್ಯಾಸಿಗಳ ಹಾಗೆ ಕಂಡೆವು. ಎರಡನೆಯದು ಕರಿಕಲ್ಲಿನದ್ದು. ಕನ್ನಡಿಯ ಹಾಗೆ ನಯ ಮಾಡಿದ್ದೆ. ಅಮ್ಮ ಬೀಸಿದ ಪಂಚೆ ಅದರ ಮೇಲಿಂದ ಜಾರಿ ಹೋಗಿ ದನದ ಕೊರಳಿಗೆ ಬಿತ್ತು. ಮೂರನೆಯದು ನಯವೂ ಅಲ್ಲ, ಒರಟೂ ಅಲ್ಲ. ಅಮ್ಮ ಒಂದು ಅಂಗಿ ಬಡಿದು, ಕೊರಳಪಟ್ಟಿ ನೋಡಿ, ಹಳೆಯ ಕಲ್ಲಿಗೆ ಹೋದಳು. ಹೊಗಳದಿದ್ದರೆ ಬೇಡ, ಬೈಯಬಹುದಿತ್ತು.

ಮಾಸ್ಟ್ರು ವಾರಕ್ಕೊಮ್ಮೆ ಬಂದು ವಿಚಾರಿಸುತ್ತಿದ್ದರು. ಒಮ್ಮೆ ನನ್ನ ಪರವಾಗಿ ವಾದಿಸಲು ಹೋಗಿ, ಮೂರನೆಯ ಕಲ್ಲು ಚೆನ್ನಾಗಿಯೇ ಉಂಟು, ಬೇಕಾದರೆ ನೋಡಿ ಎಂದು ತಮ್ಮ ಹೆಗಲಿನ, ಮೈ ಒರೆಸುವ ಬೈರಾಸನ್ನು ತಾವೇ ಒಗೆಯಲು ನಿಂತರು. ಅವರಿಗೆ ಆ ವಿದ್ಯೆ ಬರುತ್ತಿರಲಿಲ್ಲ. ಬೆಕ್ಕಿಗೆ ಸ್ನಾನ ಮಾಡಿಸಿದ ಹಾಗೆ ಎರಡು ಬೆರಳಿನಲ್ಲಿ ಹಿಡಿದು ಅದ್ದಿದರು. ಅಮ್ಮನಿಗೆ ನೋಡಲಾಗಲಿಲ್ಲ. “ಕೊಡಿ ಇಲ್ಲಿ,” ಎಂದು ಬೈರಾಸನ್ನು ಕಸಿದುಕೊಂಡು, ಹಳೆಯ ಕಲ್ಲಿನ ಮೇಲೆ ಹಾಕಿ ಸೋಪು ತಿಕ್ಕಿ ಫಟ್ ಫಟ್ ಎಂದು ಹತ್ತು ಪೆಟ್ಟು ಕೊಟ್ಟಳು. ಪ್ರತಿ ಪೆಟ್ಟಿಗೂ ಮಾಸ್ಟ್ರು ಕಣ್ಣು ಮುಚ್ಚುತ್ತಿದ್ದರು. ಅವರ ಹದಿನೆಂಟು ವರ್ಷದ ಆಧಾರಕ್ಕೆ ಅವರದ್ದೇ ಬೈರಾಸಿನಿಂದ ಪೆಟ್ಟು ಬೀಳುತ್ತಿತ್ತು. ಬೇಡ ಎನ್ನುವಂತಿಲ್ಲ. ಉಪಕಾರ ಮಾಡುತ್ತಿರುವ ಹೆಂಗಸು.

“ನೋಡಿ ಹೇಗೆ ಬಿಳಿ ಆಯ್ತು,” ಎಂದಳು ಅಮ್ಮ.

“ಆಯ್ತು ಕಮಲಕ್ಕ,” ಎಂದರು ಮಾಸ್ಟ್ರು. ಸ್ವರ ಬಹಳ ಸಣ್ಣಗಿತ್ತು.

ಆ ದಿನ ಬೈರಾಸು ಒಣಗುವವರೆಗೆ ಅವರು ಅಲ್ಲಿಯೇ ಕುಳಿತರು. ನಾನೂ ಕುಳಿತೆ. ನಾಲ್ಕು ಗಂಟೆಯ ಬಿಸಿಲು ಗುಡ್ಡದ ಹುಲ್ಲಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಒದ್ದೆ ಕಲ್ಲಿನ ಮೇಲೆ ಚಿಟ್ಟೆಗಳು ಬಂದು ಕುಳಿತಿದ್ದವು. ಮಾಸ್ಟ್ರು ಮೆಲ್ಲನೆ ಹೇಳುತ್ತಾ ಹೋದರು, ನನಗೆ ಹೇಳಿದ್ದೋ ಚಿಟ್ಟೆಗಳಿಗೋ ಗೊತ್ತಿಲ್ಲ. ಉಪ್ಪು ಹೊತ್ತ ಸಾಲಿನಲ್ಲಿ ಮುಂದಿನ ಎತ್ತಿಗೆ ಮಾತ್ರ ದೊಡ್ಡ ಗಂಟೆಯಂತೆ. ಅದರ ಸದ್ದು ಕೇಳಿದ ಕೂಡಲೇ ಕಲ್ಲಿನ ಬರಹದ ಆ ಹೆಂಗಸು ಕಲ್ಲಿನ ಮರಿಗೆಗೆ ನೀರು ತುಂಬಿಸುತ್ತಿದ್ದಿರಬೇಕು. ಎತ್ತುಗಳು ಕುಡಿಯುವಾಗ ಯಾರೂ ಮಾತಾಡುತ್ತಿರಲಿಲ್ಲವೇನೋ. ನನಗೆ ಇಂಥದ್ದೆಲ್ಲ ಆಗುವುದಿಲ್ಲ. ಕಲ್ಲು ಎಂದರೆ ಕಲ್ಲು, ಎತ್ತು ಎಂದರೆ ಎತ್ತು. ಆದರೂ ಗುಡ್ಡದ ತಿರುವಿನಲ್ಲಿ ಧೂಳು ಎದ್ದ ಹಾಗೆ ಕಂಡಿತು. ಉಪ್ಪಿನ ಗೋಣಿಯ ವಾಸನೆಯೂ ಬಂದ ಹಾಗಾಯಿತು. ಎಷ್ಟು ಹೊತ್ತು ಹಾಗೆ ಕುಳಿತೆವೋ. ಅಮ್ಮ ಬಂದು, ಬೈರಾಸು ಒಣಗಿ ಹಪ್ಪಳ ಆಯ್ತು, ಇಬ್ಬರೂ ಎಂತ ಕಾಯುದು ಎಂದು ಕೇಳಿದಾಗ ಎತ್ತುಗಳು ಹೋದವು. ಆಗಲೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ನನಗೆ ಒಂದು ಹೊಳೆಯಿತು. ಹಳೆಯ ಕಲ್ಲಿನಲ್ಲಿ ಮಣ್ಣು ಬಿಡುವುದು ಅಕ್ಷರಗಳಿಂದಲೇ. ಅವುಗಳ ಗೀರಿಗೆ ಸಿಕ್ಕಿ ಕೊಳೆ ಕಳಚಿಕೊಳ್ಳುತ್ತದೆ. ಸರಿ, ಮೂರನೆಯ ಕಲ್ಲನ್ನು ಅದರ ಪಕ್ಕ ಇಟ್ಟುಕೊಂಡು, ಉಳಿ ಹಿಡಿದು, ಅಕ್ಷರಗಳನ್ನು ಹಾಗೆಯೇ ನೋಡಿ ಕೆತ್ತಿದೆ. ಹಳೆಯ ಕಾಲದ ಲಿಪಿ, ಒಂದೂ ಓದಲು ಬರುತ್ತಿರಲಿಲ್ಲ. ನಾಲ್ಕು ಆದಿತ್ಯವಾರ ಹಿಡಿಯಿತು. ಆರು ಸಾಲು ಆಯಿತು. ಏಳನೆಯದಕ್ಕೆ ಬಂದು ಉಳಿ ನಿಂತಿತು. ಅಲ್ಲಿ ನೋಡಿ ಕೆತ್ತಲು ಎಂತದೂ ಇರಲಿಲ್ಲ. ಬೆರಳಾಡಿಸಿದೆ, ಓರೆಯಾಗಿ ನೋಡಿದೆ, ನೀರು ಹಾಕಿ ನೋಡಿದೆ. ನುಣ್ಣಗೆ, ತಣ್ಣಗೆ ಇತ್ತು. ಮಾಸ್ಟ್ರು ಇನ್ನೂ ಆಸೆ ಇಟ್ಟುಕೊಂಡಿದ್ದರು. ಅಲ್ಲಿ ಅಕ್ಷರ ಸತ್ತಿದೆ ಎಂದು ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೊಸ ಕಲ್ಲಿನ ಆ ಜಾಗದಲ್ಲಿ ಸುಮ್ಮನೆ ಅಡ್ಡಡ್ಡ ಗೆರೆ ಹಾಕಿದೆ.

ಅಮ್ಮ ಒಂದು ಅಂಗಿ ಒಗೆದು ನೋಡಿದಳು, ಎರಡು ಒಗೆದಳು. “ಇದನ್ನು ಮೊದಲೇ ಮಾಡ್ಲಿಕ್ಕೆ ಎಂತ ಆಗಿತ್ತು ಮಾರಾಯ?” ಎಂದಳು. ಅವಳ ಬಾಯಲ್ಲಿ ಇದಕ್ಕಿಂತ ದೊಡ್ಡ ಬಿರುದು ಇಲ್ಲ. ಮಾಸ್ಟ್ರು ಬಂದು ಹೊಸ ಕಲ್ಲನ್ನು ಬಗ್ಗಿ ನೋಡಿ ನಕ್ಕರು. ಅಡಿಯಲ್ಲಿ ನಿನ್ನ ಹೆಸರು ಕೆತ್ತು, ಇಲ್ಲದಿದ್ದರೆ ನನ್ನ ನಂತರ ನನ್ನಂಥ ಇನ್ನೊಬ್ಬ ಬಂದು ಇದರ ಮೇಲೆ ಮಲಗಿ ಮೋಸ ಹೋಗುತ್ತಾನೆ ಎಂದರು. ಕೆತ್ತಿದೆ. ಯಾರೂ ಮೋಸ ಹೋಗಬಾರದು ಎನ್ನುವ ಮನುಷ್ಯ ಅವರು.

ಹಳೆಯ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಬೈಹುಲ್ಲು ಹಾಸಿ ದರ್ಬೆಯ ಅವರ ಮನೆಗೆ ಮುಟ್ಟಿಸಿದೆವು. ಕಲ್ಲಿಗೆ ನೋವಾದೀತು ಎಂಬ ಹಾಗೆ ಮಾಸ್ಟ್ರು ದಾರಿಯುದ್ದಕ್ಕೂ ಅದರ ಮೇಲೆ ಕೈ ಇಟ್ಟುಕೊಂಡು ನಡೆದರು. ಎಂಟು ದಿನ ಬಿಟ್ಟು ಅಮ್ಮನೂ ನಾನೂ ಪೇಟೆಗೆ ಹೋದಾಗ ಅವರಲ್ಲಿಗೆ ಹೋದೆವು. ಕಲ್ಲು ಜಗಲಿಯಲ್ಲಿತ್ತು. ಸಂಜೆಯ ಬಿಸಿಲು ಅಡ್ಡಲಾಗಿ ಬಿದ್ದು ಮೇಲಿನ ಆರು ಸಾಲು ಇರುವೆಯ ಸಾಲಿನ ಹಾಗೆ ಎದ್ದು ಕಾಣುತ್ತಿತ್ತು. ಮಾಸ್ಟ್ರು ಪಕ್ಕದಲ್ಲಿ ಕುಳಿತಿದ್ದರು. ಕೈ ಆ ತಗ್ಗಿನ ಒಳಗೆ ಇತ್ತು. ಮುಖ ನೋಡಿಯೇ ಅಮ್ಮನಿಗೆ ಗೊತ್ತಾಯಿತು.

“ನಾನು ಒಗೆದು ಒಗೆದು ನಿಮ್ಮ ಅಕ್ಷರ ಹಾಳು ಮಾಡಿದೆ ಮಾಸ್ಟ್ರೇ,” ಎಂದಳು. ಅಮ್ಮ ಯಾರ ಹತ್ತಿರವೂ ತಪ್ಪಾಯಿತು ಎಂದವಳಲ್ಲ. ಅವಳ ಕಣ್ಣಿನಲ್ಲಿ ನೀರು ಇತ್ತು.

“ಇಲ್ಲ ಕಮಲಕ್ಕ. ಬಟ್ಟೆಗೆ ಕಲ್ಲು ಹೀಗೆ ತಗ್ಗುದಿಲ್ಲ.” ಅವರು ಪೊರೆ ಇಲ್ಲದ ಕಣ್ಣಿನಿಂದ ನನ್ನ ಕಡೆ ನೋಡಿದರು. ಸಿಟ್ಟು ಇರಲಿಲ್ಲ. ನೀರಿನ ದಾರಿ ಕೇಳುವಾಗಿನ ಅದೇ ಸ್ವರ. “ಬಾಬು, ನೀನು ಪಿಕ್ಕಾಸು ಎಲ್ಲಿ ಮಸೆಯುದು?”

“ಪೇಟೆಯಲ್ಲಿ, ಆಚಾರಿಯ ಹತ್ತಿರ ಕೊಡುದು,” ಎಂದೆ.

ಅಮ್ಮ ನನ್ನನ್ನು ನೋಡಿದಳು. ಮಾಸ್ಟ್ರು ಕಣ್ಣು ಮುಚ್ಚಿಕೊಂಡರು. ಮುದುಕರು ಹೀಗೆಯೇ ಅಲ್ಲವೇ ಸತ್ಯ ಹೇಳುತ್ತಿದ್ದದ್ದು, ಇವರು ನಿದ್ದೆ ಹೋದರು ಎಂದುಕೊಂಡು. ನಾನು ಹೇಳಲಿಲ್ಲ. ಆಮೇಲೆ ಅವರು ಎದ್ದು ಒಳಗೆ ಹೋಗಿ ನಮಗೆ ಬೆಲ್ಲ, ನೀರು ತಂದಿಟ್ಟರು.

ಅದರ ನಂತರವೂ ಅವರು ಎರಡು ಮಳೆಗಾಲ ನಮ್ಮಲ್ಲಿಗೆ ಬಂದರು. ಅದೇ ಕೊಡೆ, ಅಥವಾ ಇನ್ನೊಂದು. ಮತ್ತೆಂದೂ ಕೇಳಲಿಲ್ಲ. ದೊಡ್ಡವರ ಸಭೆಗೆ ಕಲ್ಲನ್ನು ಕೊಂಡುಹೋಗಲೂ ಇಲ್ಲ. ಮೂರು ಸಾಲು ಇಲ್ಲದೆ ಅದು ಆಧಾರ ಆಗುವುದಿಲ್ಲ ಎಂದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಪತ್ರಿಕೆಗೆ ಮಾತ್ರ ಸಣ್ಣದೊಂದು ಲೇಖನ ಬರೆದರು. ಅದರ ಪ್ರತಿ ನನಗೆ ಸಿಕ್ಕಿದ್ದು ಆ ದರ್ಬೆಯ ಸಭೆಯಲ್ಲಿ, ಯಾರೋ ಹಂಚುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಳಿತು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಕಲ್ಲು ಸಿಕ್ಕಿದ ಮನೆಯ ಹೆಸರು ಉಂಟು, ಅಮ್ಮನ ಹೆಸರು ಉಂಟು, ನನಗೂ ಒಂದು ಉಪಕಾರಸ್ಮರಣೆ ಉಂಟು. ಕೊನೆಯಲ್ಲಿ ಬರೆದಿದ್ದಾರೆ: ದಾನ ಮಾಡಿದವಳ ಹೆಸರಿದ್ದ ಕೆಳಗಿನ ಸಾಲುಗಳು ಕಾಲದ ಹೊಡೆತಕ್ಕೆ ಸಿಕ್ಕಿ ಅಳಿಸಿಹೋಗಿವೆ.

ಆ ಕಾಲ ಎಂದರೆ ನಾನು. ಇದನ್ನು ಹೇಳಬೇಕಿತ್ತು, ಹೇಳಿದೆ. ಇನ್ನು ಹೇಳಲಿಕ್ಕೆ ನನ್ನಲ್ಲಿ ಎಂತದೂ ಇಲ್ಲ.