ಟೈಟಾನಿಯಂ ಅಂದ್ರೆ ಟೈಟಾ?

‘ಟೈಟಾ ನೀನು?’

ನನ್ನ ಹೆಂಡತಿ ನನಗೆ ಕೊನೆಯದಾಗಿ ಹೇಳಿದ ಮಾತು ಇದು. ಟೈಟು ಅಂದರೆ ನಮ್ಮ ಕಡೆ ಕುಡಿದಿರೋದು. ನಾನು ಕುಡಿಯೋನಲ್ಲ. ಮದ್ದೂರಲ್ಲಿ ಲೋಹ ಕಡೆಯೋ ಲೇತ್ ಅಂಗಡಿ ಇಟ್ಟು ಮೂವತ್ತು ವರ್ಷ ಆಯ್ತು, ಟೀ ಬಿಟ್ಟು ಬೇರೆ ಮುಟ್ಟಿಲ್ಲ. ಒಂದು ಲೋಹ ಅಂಗಡಿ ಮೆಟ್ಟಿಲು ಹತ್ತಿತು. ಆಮೇಲೆ ಇಂಥವೇ ಆಗ್ತಾ ಹೋದವು.

೧. ಫೋನು

ಮಳವಳ್ಳಿ ಕಡೆ ಶಾಲೆಯಲ್ಲಿ ಆಟ ಕಲಿಸೋ ಮೇಡಂ ಒಬ್ಬರು ಬಂದರು. ಏರ್ ರೈಫಲ್ ಹಿಡಿದು ಗುರಿ ಹೊಡೆಯೋ ಪಂದ್ಯಕ್ಕೆ ಹೋಗೋರು. ಬಂದೂಕಿನ ಮೇಲೆ ದುರ್ಬೀನು ಕೂರಿಸೋಕೆ ಎರಡು ಬಳೆ ಬೇಕು. ಅದಕ್ಕೆ ಮೌಂಟು ಅಂತಾರೆ. ಅವರದು ಉಕ್ಕಿನದು.

‘ಭಾರ ಅಣ್ಣ. ನಿಂತು ಹೊಡೆಯೋಷ್ಟರಲ್ಲಿ ಭುಜ ಬಿದ್ದೋಗುತ್ತೆ’ ಅಂದರು. ಅಲ್ಯೂಮಿನಿಯಂ ಹಾಕಿ ನೋಡಿದ್ದರಂತೆ, ಸ್ಕ್ರೂ ಕೂರೋ ಥ್ರೆಡ್ಡು ಕಿತ್ತು ಬಂತಂತೆ. ಟೈಟಾನಿಯಂ ಆದರೆ ಉಕ್ಕಿನ ಹಂಗೆ ಗಟ್ಟಿ, ತೂಕ ಅರ್ಧಕ್ಕಿಂತ ಚೂರು ಜಾಸ್ತಿ, ತುಕ್ಕು ಹಿಡಿಯೋಲ್ಲ. ಅವರೇ ಒಂದು ತುಂಡು ತಂದಿದ್ದರು. ಅದೊಂದೇ. ಕೆಡಿಸಿದರೆ ಇನ್ನೊಂದಿಲ್ಲ.

ಮನೆಗೆ ಫೋನ್ ಮಾಡಿದೆ. ‘ಊಟಕ್ಕೆ ತಡ ಆಯ್ತದೆ ಕಣಮ್ಮಿ. ಟೈಟಾನಿ...’

‘ಟೈಟಾ ನೀನು?’

‘ಅಲ್ಲ ಕಣೆ. ಟೈಟಾನಿಯಮ್ಮು.’

‘ಯಾವಳವಳು ಅಮ್ಮು? ಅವಳೂ ಟೈಟಾ?’

ಕ್ಯಾರಿಯರ್ ಹಿಡಿದು ಅವಳೇ ಬಸ್ಸು ಹತ್ತಿ ಬಂದಳು. ಮೊದಲು ನನ್ನ ಬಾಯಿ ಮೂಸಿದಳು. ಆಮೇಲೆ ಮುದ್ದೆ ಕೊಟ್ಟಳು.

೨. ತೂಕ

ಮೊದಲನೇ ಬಳೆ ಆಯ್ತು. ನಮ್ಮ ತಕ್ಕಡಿಗೆ ಇಷ್ಟು ಸಣ್ಣದು ಗೊತ್ತಾಗಲ್ಲ. ನಾನೂ ಹೆಂಡತೀನೂ ಚಿನ್ನದ ಅಂಗಡಿಗೆ ಹೋದೆವು. ಹಳೇ ಉಕ್ಕಿನದು ಒಂದು ಕೈಲಿ, ಹೊಸದು ಒಂದು ಕೈಲಿ ಹಿಡಿದು ನೋಡಿದಳು.

‘ಆವಮ್ಮನ ಭುಜ ಉಳೀತದೆ. ಇನ್ನೊಂದೂ ಇದ್ರಲ್ಲೇ ಮಾಡು, ಉಕ್ಕು ಬ್ಯಾಡ. ಪಂದ್ಯಕ್ಕೆ ಮುಂಚೆ ಕೊಟ್ಬುಡು. ಮಾತು ಕೊಡು’ ಅಂದಳು.

ಕೊಟ್ಟೆ.

ಅಂಗಡಿಯವರು ತೂಕ ಹಾಕುತ್ತಾ ‘ಇದ್ಯಾವ ಒಡವೆ ತಾಯಿ?’ ಅಂದರು.

‘ಬಂದೂಕಿನ ಬಳೆ ಕಣಣ್ಣ. ಮೂವತ್ತು ವರ್ಷದಿಂದ ನಂಗೆ ಒಂದೂ ಮಾಡಿಸ್ಲಿಲ್ಲ. ಬಂದೂಕಿಗೆ ಜೊತೆ ಮಾಡ್ತಾವ್ರೆ.’

೩. ಮಣ್ಣು

ಟೈಟಾನಿಯಂ ಮೊಂಡು ಲೋಹ. ಬಿಸಿ ಒಳಗೆ ಇಳಿಯಲ್ಲ, ಟೂಲಿನ ತುದಿಯಲ್ಲೇ ನಿಲ್ಲುತ್ತೆ. ನಿಧಾನಕ್ಕೆ ತಿರುಗಿಸಬೇಕು. ನಾನೂ ನಿಧಾನದೋನೆ. ಅವತ್ತು ಒಂದು ಗಳಿಗೆ ಅವಸರ ಮಾಡಿದೆ. ಕೆಳಗೆ ಬಿದ್ದಿದ್ದ ಸಣ್ಣ ಸಿಪ್ಪೆಗೆ ಬೆಂಕಿ ಹತ್ತಿ ವೆಲ್ಡಿಂಗ್ ಹಂಗೆ ಬೆಳ್ಳಗೆ ಉರೀತು. ನೀರು ಹಾಕಿದರೆ ಇನ್ನೂ ಜೋರಾಗುತ್ತೆ ಅಂತ ಮೇಡಂ ಹೇಳಿದ್ದರು. ಅಷ್ಟರಲ್ಲಿ ಪಕ್ಕದ ಪಂಚರ್ ಅಂಗಡಿಯವನು ಬಕೆಟ್ ನೀರು ಹಿಡಿದು ಓಡಿ ಬಂದ.

‘ನೀರ್ ಬ್ಯಾಡ ಕಣ್ಲಾ! ಮಣ್ಣಾಕು!’ ಅಂತ ಕೂಗಿದೆ.

ಅವನು ಅಲ್ಲೇ ನಿಂತ. ‘ಸಾಯ ಮಾಡಕ್ ಬಂದ್ರೆ ಮಣ್ಣಾಕು ಅಂತೀಯಾ? ನಿನ್ ಬಾಯಿಗೆ ಮಣ್ಣಾಕ!’

ಒಣಮಣ್ಣಿನ ಡಬ್ಬ ನಾನೇ ಸುರಿದೆ. ಅವನು ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಹೆಂಡತಿ ಅವನಿಗೂ ಊಟ ತಂದಳು. ‘ಬಾಯಿಗೆ ಮಣ್ಣು ಬ್ಯಾಡ, ತಕೊ, ಮುದ್ದೆ ಆಕ್ಕೊ’ ಅಂದಳು.

೪. ಆಸ್ಪತ್ರೆ

ಎರಡನೇ ಬಳೆ ಅರ್ಧ ಆಗಿತ್ತು. ಪಂದ್ಯಕ್ಕೆ ನಾಲ್ಕು ದಿನ. ಅವಳಿಗೆ ಎದೆನೋವು ಬಂತು. ಮಂಡ್ಯಕ್ಕೆ ಕರಕೊಂಡು ಹೋಗಿ ಒಂದು ಆಸ್ಪತ್ರೆಗೆ ಸೇರಿಸಿದೆ. ಎರಡು ದಿನ ನಿದ್ದೆ ಇಲ್ಲ. ಮೂರನೇ ದಿನ ಬೆಳಗ್ಗೆ ವಾರ್ಡಿಗೆ ಹೋದೆ. ಮಂಚದ ಕಾಲು ಎಡವಿ ಬಿದ್ದೆ. ಅವಳು ಕಣ್ಣು ಬಿಟ್ಟು ನೋಡಿದಳು.

‘ಟೈಟಾ ನೀನು?’

ನಕ್ಕಳು. ಅಕ್ಕಪಕ್ಕದ ಮಂಚದವರೂ ನಕ್ಕರು. ನರ್ಸಮ್ಮ ನಗಲಿಲ್ಲ. ‘ಕುಡಿದು ಬಂದೋರಿಗೆ ಇಲ್ಲಿ ಜಾಗ ಇಲ್ಲ’ ಅಂತ ಆಚೆ ಕಳಿಸಿದರು.

ಬಾಗಿಲು ಕಾಯೋನು ಬೆಂಚು ತೋರಿಸಿದ. ಜೇಬಿಂದ ಅರ್ಧ ಬಳೆ ತೆಗೆದು ಅವನಿಗೆ ತೋರಿಸಿದೆ.

‘ಕುಡಿದಿಲ್ಲ ಸಾ. ಇದು ಟೈಟಾನಿ...’

‘ಟೈಟಾ ನೀನು ಅಂತ ನಾನು ಕೇಳೇ ಇಲ್ಲ. ನೀನೇ ಒಪ್ಕೋತಾ ಇದ್ದೀಯಲ್ಲಪ್ಪ. ಕೂತ್ಕೊ.’

ಕೂತೆ. ಮಧ್ಯಾಹ್ನ ನರ್ಸಮ್ಮನೇ ಬಂದು ಕರೆದರು. ಒಳಗೆ ಹೋಗೋಷ್ಟರಲ್ಲಿ ಅವಳು ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ಊರಲ್ಲಿ ಮಣ್ಣು ಮಾಡಿದೆವು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಪಂಚರ್ ಅಂಗಡಿಯವನು ಮಾತ್ರ ಮುಷ್ಟಿ ಬಿಚ್ಚದೆ ನನ್ನ ಮುಖ ನೋಡುತ್ತಾ ನಿಂತಿದ್ದ.

‘ಮಣ್ಣಾಕ್ಲಾ’ ಅಂದೆ.

ಹಾಕಿದ.

ತಲೆಗೆ ನೀರು ಹಾಕಿಕೊಂಡು ಮದ್ದೂರಿಗೆ ಬಸ್ಸು ಹತ್ತಿದೆ. ಸೂತಕದಲ್ಲಿ ಅಂಗಡಿ ಬಾಗಿಲು ತೆಗೆಯಬಾರದು. ಮಾರನೇ ದಿನವೇ ಪಂದ್ಯ. ತೆಗೆದೆ. ಲೇತಿಗೆ ಅರ್ಧ ಬಳೆ ಕಟ್ಟಿ ನಿಧಾನಕ್ಕೆ ತಿರುಗಿಸಿದೆ. ಎದುರಿನ ಟೀ ಅಂಗಡಿ ಮುಂದೆ ಜನ ನಿಂತುಕೊಂಡರು.

‘ಎಂಡ್ತಿ ಮಣ್ಣಾದ ದಿನ ಲೇತ್ ತಿರುಗಿಸ್ತಾವ್ನಲ್ಲೋ!’

‘ಟೈಟಾಗವ್ನೆ ಬುಡ್ಲಾ, ಪಾಪ.’

ಅಲ್ಲ ಅನ್ನಲಿಲ್ಲ. ಬಳೆ ಮುಗಿಸಿದೆ.