ಎಣ್ಣೆಬಾವಿಗೆ ಬಚ್ಚಲ ಮುಚ್ಚಳ

ಮಗಳ ಪೆನ್ಸಿಲ್ ಬಚ್ಚಲ ತೂಬಿನೊಳಗೆ ಬೀಳದೆ ಇದ್ದಿದ್ದರೆ ನಮ್ಮ ಮೇಸ್ತ್ರಿಗೆ ಈ ಪೀಕಲಾಟ ಬರುತ್ತಲೇ ಇರಲಿಲ್ಲ. ಎಣ್ಣೆಬಾವಿ ಕೊರೆಯುವ ಕೆಲಸ ಅವನದು. ನಲವತ್ತೆರಡು ದಿನ ಬಟಾಬಯಲಿನ ಕ್ಯಾಂಪು, ಹದಿನಾಲ್ಕು ದಿನ ಮನೆ. ಹಿಂದಿನ ರಜೆಯಲ್ಲಿ ಪೆನ್ಸಿಲ್ ಹೋಯಿತೆಂದು ಅತ್ತ ಮಗಳಿಗಾಗಿ ತೂಬಿಗೊಂದು ತಗಡಿನ ಮುಚ್ಚಳ ಕೂರಿಸಿದ. ನೀರಿನ ಭಾರಕ್ಕೆ ತೆರೆಯುತ್ತದೆ, ನೀರು ಹೋದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ಮಗಳು ಕಣ್ಣೊರೆಸಿಕೊಂಡು ಕೇಳಿದಳು, "ಅಪ್ಪಾ, ನೀನು ನಿನ್ನ ಮನೆಗೆ ಯಾವಾಗ ಹೋಗ್ತೀಯಾ?"

ಅಯ್ಯೋ, ಆ ಮಾತು! ಕ್ಯಾಂಪಿಗೆ ಬಂದ ಮೇಲೂ ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚುತ್ತಿತ್ತು. ಅದನ್ನು ಮರೆಯಲು ಬಾವಿಯ ಬಾಯಿಗೂ ಅಂಥದೇ ಮುಚ್ಚಳ ಮಾಡಿದ. ಕೊರೆಯುವ ಪೈಪು ಮೇಲೆತ್ತಿದ ಕೂಡಲೇ ಬಾವಿ ಬಾಯಿ ಮುಚ್ಚುತ್ತದೆ. ಮೊದಲೆಲ್ಲ ಒಂದು ಸ್ಪ್ಯಾನರ್ ಒಳಗೆ ಬಿದ್ದರೆ ಎತ್ತಲು ವಾರ ಹಿಡಿಯುತ್ತಿತ್ತು. ಈಗ ಒಂದು ಬೋಲ್ಟೂ ಬೀಳುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಕಂಪನಿಯ ವಕೀಲ ಮೇಡಂ ಫೋನ್ ಮಾಡಿದರು. "ಮೇಸ್ತ್ರಿಗಳೇ, ನಿಮ್ಮ ಮುಚ್ಚಳಕ್ಕೆ ಪೇಟೆಂಟಿಗೆ ಅರ್ಜಿ ಹಾಕೋಣ. ಕಂಡುಹಿಡಿದವರಿಗೆ ಹೆಡ್ ಆಫೀಸಿಗೆ ವರ್ಗ, ಅದು ರೂಲು. ಆದ್ರೆ ಇದರಲ್ಲಿ ಬೇರೆ ಯಾರ ಪಾಲೂ ಇಲ್ಲ ಅಂತ ಜೊತೆಯವರ ಸಹಿ ಬೇಕು. ಮಧ್ಯಾಹ್ನ ಮೂರು ಗಂಟೆಯೊಳಗೆ ಕಳಿಸಿ. ಸರಿಯಿದ್ರೆ ನಾಲ್ಕರ ಬಸ್ಸಿಗೇ ಹೊರಡಬಹುದು."

ಹೆಡ್ ಆಫೀಸಿನಿಂದ ಮೇಸ್ತ್ರಿಯ ಮನೆಗೆ ಹತ್ತೇ ನಿಮಿಷದ ನಡಿಗೆ. ದಿನಾ ಸಂಜೆ ಮನೆ! ಹೆಂಡತಿಯ ಕೈಯ ಬಿಸಿ ಊಟ, ಬಾಗಿಲು ತೆಗೆಯಲು ಓಡಿ ಬರುವ ಮಗಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುವಂತೆ ಒಂದು ಸಹಿಯೂ ಆಗುವ ಮೊದಲೇ ಚೀಲ ಕಟ್ಟಿ, ಮಗಳಿಗೆಂದು ತೆಗೆದಿಟ್ಟಿದ್ದ ಪೆನ್ಸಿಲ್ ಡಬ್ಬಿಯನ್ನು ಮೇಲೆ ತುರುಕಿದ. ಆಮೇಲೆ ಸ್ಟೋರಿಗೆ ಓಡಿದ.

"ಸಹಿನಾ?" ಸ್ಟೋರ್ ಕೀಪರ್ ಕನ್ನಡಕ ಏರಿಸಿದ. "ಸ್ಪ್ರಿಂಗ್ ಕೊಟ್ಟೋನು ಯಾರಪ್ಪಾ? ಅದಿಲ್ದೆ ನಿನ್ನ ಮುಚ್ಚಳ ಬರೀ ತಟ್ಟೆ. ನನ್ನ ಹೆಸ್ರೂ ಬರಿ."

"ಅಣ್ಣಾ, ಆ ಸ್ಪ್ರಿಂಗಿಗೆ ನನ್ನನ್ನ ಮೂರು ವಾರ ಅಲೆದಾಡಿಸಿದ್ರಲ್ಲ!"

"ಅದಕ್ಕೇ ತಾನೆ ನಿಂಗೆ ಯೋಚ್ನೆ ಮಾಡೋಕೆ ಟೈಮ್ ಸಿಕ್ಕಿದ್ದು?"

ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಹೆಸರು ಬರೆದ. ಮುಂದಿನ ಸರದಿ, ಕೊರೆಯುವಾಗ ಬಾವಿಗೆ ಬಿಡುವ ಕೆಸರು ಕಲಸುವ ಎಂಜಿನಿಯರದು. ಎಲ್ಲರ ಬಾಯಲ್ಲೂ ಅವರು ಕೆಸರು ಸಾಹೇಬರು.

"ಬಾವಿಗೆ ಸ್ಪ್ಯಾನರ್ ಬೀಳಿಸಿದ್ದು ನಾನು," ಎಂದರು ಸಾಹೇಬರು ಎದೆಯುಬ್ಬಿಸಿ. "ಬೀಳಿಸದಿದ್ರೆ ನಿಂಗೆ ಮುಚ್ಚಳ ಹೊಳೀತಿತ್ತಾ?"

"ಅವತ್ತು ನಾನಲ್ಲ ಅಂತ ಆಣೆ ಹಾಕಿದ್ರಲ್ಲ ಸಾರ್?"

"ಅವತ್ತು ಪೇಟೆಂಟ್ ಇತ್ತೇನಯ್ಯಾ?"

ಅವರ ಹೆಸರೂ ಸೇರಿತು. ಅಡುಗೆಯವನು ಸೌಟು ಹಿಡಿದು ತಾನಾಗಿಯೇ ಹುಡುಕಿಕೊಂಡು ಬಂದ. "ಅಣ್ಣಾ, ಹಸಿದ ಹೊಟ್ಟೇಲಿ ಯಾರಿಗಾದ್ರೂ ಬುದ್ಧಿ ಓಡುತ್ತಾ? ಹೊಟ್ಟೆಗೆ ಹಾಕ್ದೋನನ್ನೇ ಮರೀತೀರಾ?"

ಗಂಟೆ ಎರಡೂವರೆ. ವಾದಕ್ಕೆ ಕೂತರೆ ಬಸ್ಸು ತಪ್ಪುತ್ತದೆ. ಹೆಸರು ನಾಲ್ಕು ಪಾಲಾದರೇನಂತೆ, ತಾನು ಮನೆ ಸೇರಿದರೆ ಸಾಕು ಎಂದುಕೊಂಡು ಅಡುಗೆಯವನನ್ನೂ ಸೇರಿಸಿ ಅರ್ಜಿ ಕಳಿಸಿದ.

ಮೂರೂವರೆಗೆ ಮೇಡಂ ಒಬ್ಬೊಬ್ಬರನ್ನಾಗಿ ಫೋನಿಗೆ ಕರೆದರು. ಮುಚ್ಚಳ ಹೇಗೆ ಕೆಲಸ ಮಾಡುತ್ತದೆ ಎಂಬುದೇ ಪ್ರಶ್ನೆ. ಮೂವರೂ ಬೆವರು ಒರೆಸಿಕೊಳ್ಳುತ್ತಾ ಹೊರಬಂದರು. "ತೆರೆಯುತ್ತೆ, ಮುಚ್ಚುತ್ತೆ ಅಂದೆ. ಇನ್ನೇನು ಹೇಳ್ಲಿ?" ಎಂದ ಅಡುಗೆಯವನು. ಮೇಸ್ತ್ರಿಗೆ ಒಳಗೊಳಗೇ ಖುಷಿ. ತನ್ನ ಸರದಿ ಬಂದಾಗ ಸ್ಪ್ರಿಂಗಿನ ಬಾಗು, ತಗಡಿನ ತೂಕ, ಕೀಲಿನ ಜಾಗ ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿ ಹೇಳಿದ.

"ಭೇಷ್! ನಿಜವಾದ ಜಾಣ ನೀವೇ," ಎಂದರು ಮೇಡಂ. "ಆದ್ರೆ ಪೇಟೆಂಟ್ ಬೇಡ ಅಂತ ಮೇಲಿನವರು ಈಗ ತಾನೆ ತೀರ್ಮಾನ ಮಾಡಿದ್ರು. ಪೇಟೆಂಟ್ ಅಂದ್ರೆ ನಕ್ಷೆ ಊರಿಗೆಲ್ಲ ತೋರಿಸ್ಬೇಕು, ಪಕ್ಕದ ಬಾವಿಯೋರು ನೋಡಿ ಮಾಡ್ಕೊಂಡುಬಿಡ್ತಾರೆ. ಗುಟ್ಟಾಗೇ ಇಟ್ಕೊಳ್ಳೋಣ. ಗುಟ್ಟು ಗೊತ್ತಿರೋರು ಐದು ವರ್ಷ ಕ್ಯಾಂಪ್ ಬಿಡೋ ಹಾಗಿಲ್ಲ."

"ರಜಾ ಮೇಡಂ?"

"ನೋಡೋಣ."

"ಮತ್ತೆ ಆ ಮೂವರು?"

"ನಾಲ್ಕು ಹೆಸರಿಗೂ ವರ್ಗದ ಆರ್ಡರ್ ಟೈಪ್ ಆಗಿಬಿಟ್ಟಿತ್ತು. ನಿಮ್ಮದೊಂದು ಹೊಡೆದುಹಾಕಿದೀವಿ. ಅವರಿಗೆ ಏನೇನೂ ಗೊತ್ತಿಲ್ಲ ನೋಡಿ, ಗುಟ್ಟು ಹೊರಗೆ ಹೋಗೋ ಭಯ ಇಲ್ಲ. ಅಂದಹಾಗೆ, ಇದರ ಮಾದರಿ ಬೇರೆಲ್ಲಾದ್ರೂ ಇದೆಯಾ?"

ಮೇಸ್ತ್ರಿಗೆ ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. "ಇದೆ ಮೇಡಂ! ನಮ್ಮನೆ ಬಚ್ಚಲಲ್ಲಿ. ನಾನೇ ಹೋಗಿ ಬಿಚ್ಚಿ ತರ್ಲಾ? ಒಂದೇ ದಿನ ಸಾಕು."

"ನೀವ್ಯಾಕೆ ತೊಂದ್ರೆ ತಗೋತೀರಿ? ಅಡುಗೆಯವರು ಹೇಗೂ ಬರ್ತಿದ್ದಾರಲ್ಲ."

ನಾಲ್ಕಕ್ಕೆ ಬಸ್ಸು ಬಂತು. ಮೂವರೂ ಹತ್ತಿ ಕೂತರು. ಮೇಸ್ತ್ರಿ ಚೀಲ ಬಿಚ್ಚಿ ಪೆನ್ಸಿಲ್ ಡಬ್ಬಿಯನ್ನು ಕಿಟಕಿಯಿಂದ ಅಡುಗೆಯವನ ಕೈಗೆ ಕೊಟ್ಟ.

"ಮಗು ಅಪ್ಪ ಎಲ್ಲಿ ಅಂತ ಕೇಳಿದ್ರೆ ಏನನ್ಲಿ ಅಣ್ಣಾ?"

"ಅವನ ಮನೇಲೇ ಇದಾನೆ ಅನ್ನು." ಬಸ್ಸು ಹೊರಟಿತು. ಮೇಸ್ತ್ರಿ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿದ. "ಪೆನ್ಸಿಲ್ ಹುಷಾರಾಗಿ ಇಟ್ಕೋ ಅಂತಾನೂ ಹೇಳಪ್ಪಾ. ತೂಬಿಗೆ ಇನ್ನು ಮುಚ್ಚಳ ಇರಲ್ಲ!"