ತೊಳೆದ ಕಾರು ಹೇಳಿದ ಹವಾಮಾನ

ಅಂಕಿ ಕಂಡರೆ ನನಗೆ ಮೊದಲಿನಿಂದಲೂ ಕುರುಡು ಭಕ್ತಿ. ಮನುಷ್ಯರು ಏನಾದರೂ ಹೇಳಿದರೆ ನಾಲ್ಕು ಅಡ್ಡಪ್ರಶ್ನೆ ಹಾಕುವ ನಾನು, ಅದನ್ನೇ ಯಂತ್ರ ಹೇಳಿದರೆ ತೆಪ್ಪಗೆ ತಲೆಯಾಡಿಸುತ್ತೇನೆ. (ತೂಕದ ಯಂತ್ರದ ಮಾತನ್ನು ಮಾತ್ರ ಇವತ್ತಿಗೂ ನಂಬಿಲ್ಲ.) ಹಾಗಾಗಿ ನಮ್ಮ ಕಾರಿನಲ್ಲಿ ಹೊರಗಿನ ತಾಪಮಾನ ತೋರಿಸುವ ಪುಟ್ಟ ಅಂಕಿಯೊಂದು ಇದೆ ಎಂದು ಗೊತ್ತಾದ ದಿನದಿಂದ, ಜೆ.ಪಿ. ನಗರದ ಪ್ರತಿ ಸಿಗ್ನಲ್ಲಿನಲ್ಲೂ "ಈಗ ಮೂವತ್ತೊಂದು" ಎಂದು ಘೋಷಿಸುವ ಚಟ ಹತ್ತಿತು. ಯಾರೂ ಕೇಳಿರುವುದಿಲ್ಲ.

ಪಕ್ಕದ ಸೀಟಿನಲ್ಲಿ ಕೂರುವ ನಮ್ಮ ಅತ್ತೆಗೆ ಆ ಅಂಕಿಯ ಮೇಲೆ ಅಂಥ ಗೌರವವೇನಿಲ್ಲ. ಎಪ್ಪತ್ತೆಂಟು ವರ್ಷದ ಅವರ ಲೆಕ್ಕವೇ ಬೇರೆ. ಬೆಳಿಗ್ಗೆ ತಾರಸಿಯ ಮೇಲೆ ಇಟ್ಟ ಸಂಡಿಗೆ ಸಂಜೆಯೊಳಗೆ ಗಲಗಲ ಅಂದರೆ ಬಿಸಿಲು ಜೋರು, ಇಲ್ಲದಿದ್ದರೆ ಪರವಾಗಿಲ್ಲ. ಆದರೆ ಅವರ ಬಿ.ಪಿ. ನೋಡುವ ಡಾಕ್ಟರು, "ದಿನಾ ಸ್ವಲ್ಪ ನಡೀರಿ, ಮೂವತ್ತು ಡಿಗ್ರಿ ದಾಟಿದ್ರೆ ಮಾತ್ರ ಬೇಡ" ಎಂದುಬಿಟ್ಟರು. ಡಿಗ್ರಿಯ ವಿಷಯ ಬಂದ ಮೇಲೆ ಸಂಡಿಗೆ ಸೋತು ನನ್ನ ಕಾರು ಗೆದ್ದಿತು.

ಹೋದ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಕಾರನ್ನು ವಾಟರ್ ಸರ್ವಿಸ್‌ಗೆ ಕೊಟ್ಟಿದ್ದೆ. ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಕಾರನ್ನು ಹಾಗೇ ಮನೆಗೆ ತಂದು, ಅತ್ತೆಯನ್ನು ಕೂರಿಸಿಕೊಂಡು ಪಾರ್ಕಿನ ಕಡೆ ಹೊರಟೆ. ಅಂಕಿ ನೋಡಿದರೆ ಇಪ್ಪತ್ತಾರು! ನನಗೆ ಖುಷಿಯೋ ಖುಷಿ.

"ಬಿಸಿಲು ಚುರ್ ಅಂತಿದೆ ಕಣೇ ಸುಮಾ. ಆಮೇಲೆ ಬರೋಣ್ವಾ?" ಎಂದರು ಅತ್ತೆ.

"ಇಪ್ಪತ್ತಾರು ಇದೆ ಅತ್ತೆ. ನಿಮಗೆ ಹಾಗನ್ಸತ್ತೆ ಅಷ್ಟೇ."

ಪಾಪ, ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಇಳಿದರು. ಎರಡನೇ ಸುತ್ತಿನಲ್ಲಿ ಅವರ ಬೆರಳುಗಳು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದವು. "ತಲೆ ತಿರುಗ್ತಿದೆ" ಎಂದರು. ಮುಖ ಕೆಂಪಗಾಗಿತ್ತು. ಹೇಗೋ ನಡೆಸಿಕೊಂಡು ಗೇಟಿನವರೆಗೆ ಬಂದೆ.

ಗೇಟಿನ ಪಕ್ಕ ಹೂವು ಮಾರುವ ಹೆಂಗಸೊಬ್ಬರು ನಮ್ಮನ್ನು ಕಂಡವರೇ ಎದ್ದು, ಅತ್ತೆಯನ್ನು ಮರದ ನೆರಳಿನಲ್ಲಿ ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ಮಲ್ಲಿಗೆ ಬುಟ್ಟಿಗೆ ಹೊದಿಸಿದ್ದ ಒದ್ದೆ ಬಟ್ಟೆಯನ್ನು ಎಳೆದು, ಚೊಂಬಿನ ನೀರಿನಲ್ಲಿ ಜಾಲಿಸಿ ಅವರ ಕತ್ತಿಗೆ ಸುತ್ತಿದರು. ನನ್ನ ಕೈಗೆ ಒಂದು ರಟ್ಟು ಕೊಟ್ಟು, "ಬೀಸಿ ಅಕ್ಕ" ಎಂದರು.

"ಇನ್ನೊಂದಿಷ್ಟು ನೀರು ಹಾಕ್ಲಾ?" ಎಂದೆ ಗಾಬರಿಯಲ್ಲಿ.

"ಬರೀ ನೀರು ಹಾಕಿದ್ರೆ ಆಗಲ್ಲ, ಗಾಳಿ ಬೀಳ್ಬೇಕು. ನೀರು ಆರ್ತಾ ಆರ್ತಾ ತಾನೇ ತಂಪಾಗೋದು? ಈ ಬಿಸಿಲಲ್ಲಿ ನನ್ನ ಹೂವ ಹೆಂಗೆ ಉಳ್ಕೊಂಡಿದೆ ಅಂದ್ಕೊಂಡ್ರಿ?"

ಬೀಸುತ್ತಿದ್ದ ನನ್ನ ಕೈ ಒಂದು ಕ್ಷಣ ನಿಂತೇಹೋಯಿತು. ಬಂಪರಿನ ಹಿಂದೆ ಅಡಗಿರುವ ಕಾರಿನ ಥರ್ಮಾಮೀಟರು ಕೂಡ ಮೈಯೆಲ್ಲ ಒದ್ದೆಯಾಗಿಯೇ ಹೊರಟಿತ್ತಲ್ಲ! ಓಡುವಾಗ ಗಾಳಿ ಬಿದ್ದು, ಅದರ ಮೇಲಿನ ನೀರು ಆವಿಯಾಗುತ್ತ ಶಾಖವನ್ನು ಹೀರಿಕೊಂಡಿತ್ತು. ಕಾರು ನನಗೆ ಹೇಳಿದ್ದು ಊರಿನ ಹವಾಮಾನವಲ್ಲ, ತನ್ನ ಒದ್ದೆ ಮೂಗಿನ ಹವಾಮಾನ. ಇಷ್ಟು ಹೊತ್ತು ಮುಚ್ಚಿಟ್ಟಿದ್ದ ವಿಷಯವನ್ನು ಈಗ ಒಪ್ಪಿಕೊಳ್ಳುತ್ತೇನೆ: ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ನೀರು ಆವಿಯಾಗುವಾಗ ಸುತ್ತಲಿನ ಶಾಖ ತೆಗೆದುಕೊಳ್ಳುತ್ತದೆ ಎಂದು ಇಪ್ಪತ್ತೆರಡು ವರ್ಷಗಳಿಂದ ಮಕ್ಕಳ ಬಾಯಲ್ಲಿ ಹೇಳಿಸುತ್ತಿದ್ದೇನೆ. ತಪ್ಪು ಬರೆದವರಿಗೆ ಹತ್ತು ಸಲ ಬರೆಸಿದ್ದೂ ಉಂಟು.

ಹತ್ತು ನಿಮಿಷದಲ್ಲಿ ಅತ್ತೆಯ ಮುಖಕ್ಕೆ ಕಳೆ ಬಂತು. ನೀರು ಕುಡಿದು, "ಈಗ ಹಾಯಾಗಿದೆ" ಎಂದರು. ಆ ಹೆಂಗಸಿಗೆ ಕೈಮುಗಿದೆ. ಅಷ್ಟರಲ್ಲಿ ಒಣಗಿದ್ದ ಕಾರಿಗೆ ಬಂದು ಕೀ ತಿರುಗಿಸಿದೆ.

"ಏನಂತೆ ಈಗ?" ಎಂದರು ಅತ್ತೆ.

"ಮೂವತ್ತನಾಲ್ಕು."

"ಸದ್ಯ, ಅದಕ್ಕೂ ಗೊತ್ತಾಯ್ತಲ್ಲ."

ಅಷ್ಟೇ. ಡಾಕ್ಟರ ಹತ್ತಿರ ತೋರಿಸಿಕೊಂಡು ಮನೆಗೆ ಹೋದಾಗಲೂ ಅತ್ತೆ ನನ್ನ ಗಂಡನಿಗೆ ಹೇಳಿದ್ದು, "ನಂಗೇ ನಡೀಬೇಕು ಅನ್ನಿಸ್ತಪ್ಪಾ" ಎಂದು. ನನ್ನ ಜನ್ಮದಲ್ಲಿ ಯಾರೂ ನನ್ನ ಮಾನವನ್ನು ಇಷ್ಟು ಮೆತ್ತಗೆ ಕಾಪಾಡಿರಲಿಲ್ಲ.

ವಾರ ಕಳೆದು, ಸಂಜೆ ತಂಪಾದ ಮೇಲೆ, ಇಬ್ಬರೂ ಹಣ್ಣು ತೆಗೆದುಕೊಂಡು ಹೂವಿನವರನ್ನು ನೋಡಲು ಹೋದೆವು. ಅವರು ಸಂಕೋಚಪಟ್ಟುಕೊಂಡೇ ಹಣ್ಣು ಇಸಿದುಕೊಂಡು, "ಅಮ್ಮ ಹುಷಾರಾದ್ರಲ್ಲ, ಅಷ್ಟು ಸಾಕು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ಟೀಚರಂತೆ? ಅವತ್ತು ಅಮ್ಮ ಅಂದ್ರು. ಏನು ಪಾಠ ಮಾಡ್ತೀರಾ?" ಎಂದು ಕೇಳಿದರು.

ನಾನು ಮಲ್ಲಿಗೆಯ ಬುಟ್ಟಿಯನ್ನು ನೋಡಿದೆ. ಅದರ ಮೇಲಿದ್ದ ಒದ್ದೆ ಬಟ್ಟೆಯನ್ನು ನೋಡಿದೆ.

"ಕನ್ನಡ" ಎಂದೆ.

ನಮ್ಮ ಅತ್ತೆ ಎರಡು ಸಲ ಕೆಮ್ಮಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು: "ಎರಡು ಮೊಳ ಕೊಡಮ್ಮ, ನಮ್ಮ ಕನ್ನಡ ಮೇಡಂ ಮುಡ್ಕೊಳ್ಳಲಿ."